ಬಾಟಲಿ ಎತ್ತಿದ ವಕೀಲ, ಪೆನ್ನು ಕೆಳಗಿಟ್ಟ ಕಾಕಾ

ನಮ್ಮೂರು ಸಿರಸಂಗಿಯಲ್ಲಿ ಯುಗಾದಿ ಎಂದರೆ ಕಾಳಿಕಾದೇವಿಯ ಜಾತ್ರೆ. ಜಾತ್ರೆ ಮುಗಿದ ಮೇಲೂ ಊರಿಗೆ ಬಂದ ಬೀಗರು ಎರಡು ದಿನ ನಿಲ್ಲುತ್ತಿದ್ದರು. ಅಂಥದೊಂದು ರಾತ್ರಿ ನಮ್ಮ ಓಣಿಯ ಹುಡುಗರು ಮನೆಗಿಷ್ಟು ಎಂದು ಪಟ್ಟಿ ಎತ್ತಿ, ಬಾಡಿಗೆಗೆ ಟಿ.ವಿ. ಮತ್ತು ವಿ.ಸಿ.ಆರ್. ತಂದು ಚಕ್ಕಡಿಯ ಮೇಲೆ ಇಟ್ಟಿದ್ದರು. ಹಾಕಿದ ಸಿನಿಮಾ ‘ಯುದ್ಧಕಾಂಡ’. ಕೋರ್ಟಿನ ದೃಶ್ಯ ಬಂತು. ಡಾಕ್ಟರು ಕೊಟ್ಟ ಔಷಧವೇ ವಿಷವಾಗಿತ್ತು ಎಂಬುದು ಆರೋಪ. ಕರಿ ಕೋಟಿನ ರವಿಚಂದ್ರನ್ ಆ ಬಾಟಲಿಯನ್ನೇ ಎತ್ತಿ, ಎಲ್ಲರೂ ನೋಡುತ್ತಿರುವಂತೆ ಗಟಗಟ ಕುಡಿದುಬಿಟ್ಟರು.

ಗೋಣಿತಟ್ಟಿನ ಮೇಲೆ ಕೂತಿದ್ದ ನಮ್ಮ ಕಾಕಾ ಎದ್ದು ನಿಂತರು. ‘ಇವ ನೋಡಪಾ ವಕೀಲ ಅಂದ್ರ! ಜೀವಾ ಪಣಕ್ಕ ಇಟ್ಟ!’ ಎಂದರು. ಹಿಂದೆ ಕೂತ ಹೆಣ್ಣುಮಕ್ಕಳು ಸೆರಗು ಬಾಯಿಗೆ ಒತ್ತಿಕೊಂಡಿದ್ದರು. ನಾನು ಆಗ ಹುಡುಗ. ಕೋರ್ಟು ಎಂದರೆ ಹೀಗೇ ಇರುತ್ತದೆ, ಸತ್ಯ ಎಂದರೆ ಒಂದು ಬಾಟಲಿ, ಧೈರ್ಯ ಇದ್ದವನು ಅದನ್ನು ಕುಡಿದು ತೋರಿಸುತ್ತಾನೆ ಎಂದು ನಂಬಿ ಮಲಗಿದೆ.

ಎಷ್ಟೋ ವರ್ಷಗಳ ಮೇಲೆ ಅದೇ ಕಾಕಾ ನಿಜವಾದ ಕಟಕಟೆ ಹತ್ತಬೇಕಾಯಿತು. ಜೊತೆಗೆ ಹೋದವನು ನಾನು. ಅವತ್ತಿನಿಂದ ಕೋರ್ಟಿನ ಸಿನಿಮಾಗಳನ್ನು ನಾನು ಬೇರೆ ಕಣ್ಣಿನಿಂದ ನೋಡುತ್ತಿದ್ದೇನೆ. ಪ್ರೀತಿ ಕಡಿಮೆಯಾಗಿಲ್ಲ. ಆದರೆ ಅವುಗಳಲ್ಲಿನ ತಪ್ಪುಗಳನ್ನು ಎಣಿಸುವುದು ಬರೀ ಮೋಜಿನ ಕೆಲಸವಲ್ಲ ಎಂದು ಈಗ ಗೊತ್ತಾಗಿದೆ. ನಮ್ಮ ಜನ ಕೋರ್ಟನ್ನು ಕಲಿತದ್ದೇ ಸಿನಿಮಾದಿಂದ. ಕಲಿತದ್ದು ತಪ್ಪಾದರೆ ಕಟಕಟೆಯಲ್ಲಿ ನಿಂತವನು ಅದರ ಬೆಲೆ ತೆರುತ್ತಾನೆ.

ಒಂದು ಬಾಟಲಿಯ ದೂರದ ಪಯಣ

ಕೆ.ವಿ. ರಾಜು ನಿರ್ದೇಶನದ ‘ಯುದ್ಧಕಾಂಡ’ ತೆರೆಗೆ ಬಂದದ್ದು 1989ರಲ್ಲಿ. ಹಂಸಲೇಖ ಅವರ ಸಂಗೀತ, ತಾಯಿಯಾಗಿ ಭಾರತಿ, ವಕೀಲನಾಗಿ ರವಿಚಂದ್ರನ್. ಇದರ ಮೂಲ 1985ರ ಹಿಂದಿ ಚಿತ್ರ ‘ಮೇರಿ ಜಂಗ್’. ಸುಭಾಷ್ ಘಾಯ್ ನಿರ್ದೇಶನ, ಜಾವೇದ್ ಅಖ್ತರ್ ಬರವಣಿಗೆ. ಅದರಲ್ಲಿ ಬಾಟಲಿ ಕುಡಿದವರು ಅನಿಲ್ ಕಪೂರ್, ಎದುರಿಗಿದ್ದವರು ಅಮರೀಶ್ ಪುರಿ.

ಬಾಟಲಿ ಅಲ್ಲಿಗೂ ಹೊಸದಾಗಿ ಬಂದದ್ದಲ್ಲ. 1955ರ ಹಾಲಿವುಡ್ ಚಿತ್ರ ‘ಇಲ್ಲೀಗಲ್’ನಲ್ಲಿ ಎಡ್ವರ್ಡ್ ಜಿ. ರಾಬಿನ್ಸನ್ ಅವರ ವಕೀಲ ಪಾತ್ರ ಕೋರ್ಟಿನಲ್ಲಿ ವಿಷದ ಬಾಟಲಿ ಎತ್ತಿ ಕುಡಿಯುತ್ತದೆ. ಆ ಚಿತ್ರವೂ ಹಳೆಯದರ ಮರುರೂಪ. ಮೂಲ ಇರುವುದು 1932ರ ‘ದಿ ಮೌತ್‌ಪೀಸ್’ನಲ್ಲಿ. ವಾರನ್ ವಿಲಿಯಂ ಮಾಡಿದ ಆ ವಕೀಲ, ವಿಷ ಕುಡಿದು ಖಟ್ಲೆ ಗೆದ್ದು, ಹೊರಗೆ ಬಂದ ಕೂಡಲೇ ಹೊಟ್ಟೆ ತೊಳೆಸಿಕೊಳ್ಳುತ್ತಾನೆ. ಆ ಪಾತ್ರಕ್ಕೆ ಪ್ರೇರಣೆ ನ್ಯೂಯಾರ್ಕಿನಲ್ಲಿ ನಿಜವಾಗಿಯೂ ಬದುಕಿದ್ದ ವಿಲಿಯಂ ಫಾಲನ್ ಎಂಬ ಕ್ರಿಮಿನಲ್ ವಕೀಲ. ಅಂದರೆ ನಮ್ಮ ಓಣಿಯ ಚಕ್ಕಡಿಯ ಮೇಲೆ ಬಂದು ನಿಂತ ಆ ಬಾಟಲಿ, ಸಾಗರ ದಾಟಿ, ಭಾಷೆ ದಾಟಿ ಐವತ್ತೇಳು ವರ್ಷ ನಡೆದು ಬಂದಿತ್ತು.

ಇಷ್ಟು ದೂರ ನಡೆದು ಬರುವಾಗ ಅದು ಒಂದು ದೊಡ್ಡ ತಪ್ಪನ್ನೂ ಹೊತ್ತು ತಂದಿತು. ನಮ್ಮ ಕೋರ್ಟಿನಲ್ಲಿ ಅಂಥ ಬಾಟಲಿಗೆ ಹೆಸರು ಮುದ್ದೆಮಾಲು. ಪೊಲೀಸರು ಪಂಚರ ಎದುರು ಪಂಚನಾಮೆ ಮಾಡಿ ಅದನ್ನು ವಶಪಡಿಸಿಕೊಳ್ಳುತ್ತಾರೆ. ಬಟ್ಟೆ ಸುತ್ತಿ, ಅರಗಿನ ಸೀಲು ಒತ್ತಿ, ಚೀಟಿ ಅಂಟಿಸುತ್ತಾರೆ. ಅದು ಮೊದಲು ಹೋಗುವುದು ವಿಧಿವಿಜ್ಞಾನ ಪ್ರಯೋಗಾಲಯಕ್ಕೆ. ಒಳಗಿರುವುದು ಔಷಧವೋ ವಿಷವೋ ಎಂದು ಹೇಳಬೇಕಾದವರು ಅಲ್ಲಿನ ರಾಸಾಯನಿಕ ತಜ್ಞರು. ಸರ್ಕಾರಿ ತಜ್ಞರ ಆ ವರದಿಯನ್ನು, ಅವರನ್ನು ಕಟಕಟೆಗೆ ಕರೆಸದೆಯೂ ಸಾಕ್ಷ್ಯವಾಗಿ ಓದಲು ದಂಡ ಪ್ರಕ್ರಿಯಾ ಸಂಹಿತೆಯ 293ನೇ ಕಲಮು ಅವಕಾಶ ಕೊಟ್ಟಿತ್ತು. ಈಗಿನ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಅದು 329ನೇ ಕಲಮು. ಹಾಗಾಗಿ ಬಾಟಲಿ ಕೋರ್ಟಿಗೆ ಬರುವ ಹೊತ್ತಿಗೆ ಅದರ ಗುಟ್ಟು ಕಾಗದದ ಮೇಲೆ ಬಂದಿರುತ್ತದೆ.

ಮುದ್ದೆಮಾಲು ಇರುವುದು ನ್ಯಾಯಾಲಯದ ಸುಪರ್ದಿಯಲ್ಲಿ. ವಕೀಲ ಅದನ್ನು ಕುಡಿದರೆ ಸಾಕ್ಷ್ಯವನ್ನೇ ನುಂಗಿದ ಹಾಗೆ. ಸಾಕ್ಷ್ಯ ನಾಶದ ಆರೋಪ ಅವನ ಮೈಮೇಲೆಯೇ ಬರಬಹುದು. ಇನ್ನೊಂದು ತೊಡಕೂ ಇದೆ. ಕುಡಿದು ತೋರಿಸಿದ ವಕೀಲ ಆ ಕ್ಷಣದಿಂದ ಸಾಕ್ಷಿದಾರನಾಗುತ್ತಾನೆ. ತಾನೇ ಸಾಕ್ಷಿಯಾಗುವ ಖಟ್ಲೆಯಲ್ಲಿ ವಕೀಲ ವಕಾಲತ್ತು ನಡೆಸಬಾರದು ಎಂದು ಭಾರತೀಯ ವಕೀಲರ ಪರಿಷತ್ತಿನ ನಿಯಮ ಹೇಳುತ್ತದೆ. ಗೆದ್ದೆ ಎಂದುಕೊಂಡ ಗಳಿಗೆಯಲ್ಲೇ ಅವನು ತನ್ನ ಕಕ್ಷಿದಾರನನ್ನು ಅನಾಥ ಮಾಡಿರುತ್ತಾನೆ.

ಆ ಚಿತ್ರ ಎತ್ತಿದ ಪ್ರಶ್ನೆ ಮಾತ್ರ ಸಣ್ಣದಲ್ಲ. ರೋಗಿ ಸತ್ತರೆ ಡಾಕ್ಟರನ್ನು ಯಾವಾಗ ಅಪರಾಧಿ ಎನ್ನಬೇಕು? 1989ರಲ್ಲಿ ಇದಕ್ಕೆ ಸ್ಪಷ್ಟವಾದ ಕಾವಲು ಇರಲಿಲ್ಲ. 2005ರಲ್ಲಿ ಜೇಕಬ್ ಮ್ಯಾಥ್ಯೂ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಒಂದು ಗೆರೆ ಎಳೆಯಿತು. ವೈದ್ಯರ ನಿರ್ಲಕ್ಷ್ಯದ ಕ್ರಿಮಿನಲ್ ಮೊಕದ್ದಮೆಯಲ್ಲಿ ಮುಂದುವರಿಯುವ ಮೊದಲು, ಆ ಖಟ್ಲೆಗೆ ಸಂಬಂಧವಿಲ್ಲದ ಸಮರ್ಥ ವೈದ್ಯರ ಅಭಿಪ್ರಾಯ ಪಡೆಯಬೇಕು ಎಂದಿತು. ಸಿನಿಮಾದಲ್ಲಿ ಬಾಟಲಿ ಕೊಟ್ಟ ಉತ್ತರವನ್ನು ಕಾನೂನು ಹದಿನಾರು ವರ್ಷಗಳ ಮೇಲೆ ಒಂದು ತೀರ್ಪಿನಿಂದ ಕೊಟ್ಟಿತು.

ಗೀತೆ ಎಲ್ಲಿ, ಸುತ್ತಿಗೆ ಎಲ್ಲಿ?

ಕಾಕಾನ ಖಟ್ಲೆ ಬದುವಿನ ಜಗಳದ್ದು. ಪಕ್ಕದ ಹೊಲದವರಿಬ್ಬರು ಬದುವಿನ ಮೇಲಿನ ಗಿಡಕ್ಕಾಗಿ ಬಡಿದಾಡಿಕೊಂಡು, ಒಬ್ಬನ ತಲೆ ಒಡೆದಿತ್ತು. ಕಾಕಾ ಕಣ್ಣಾರೆ ಕಂಡ ಸಾಕ್ಷಿ. ಸಮನ್ಸು ಹಿಡಿದು ಪೊಲೀಸರು ಮನೆಗೆ ಬಂದ ದಿನದಿಂದ ಕಾಕಾ ಮನಸ್ಸಿನಲ್ಲೇ ಡೈಲಾಗು ಕಟ್ಟತೊಡಗಿದ್ದರು. ತಾರೀಖಿನ ದಿನ ಬಿಳಿ ಧೋತರ ಉಟ್ಟು, ಪಟಕಾ ಸುತ್ತಿ, ಬೆಳಗಿನ ಮೊದಲ ಬಸ್ಸಿಗೇ ಹೊರಟರು.

ಕೋರ್ಟಿನ ಒಳಗೆ ಕಾಲಿಟ್ಟವರೇ ಸುತ್ತ ನೋಡಿ ನನ್ನ ಕಿವಿಯಲ್ಲಿ ಕೇಳಿದರು: ‘ತಮ್ಮಾ, ಭಗವದ್ಗೀತಾ ಎಲ್ಲೈತಿ?’

ಗೀತೆ ಇರಲಿಲ್ಲ, ಇರುವುದೂ ಇಲ್ಲ. ಧರ್ಮಗ್ರಂಥ ಅಥವಾ ಗಂಗಾಜಲ ಮುಟ್ಟಿಸಿ ಪ್ರಮಾಣ ಮಾಡಿಸುವ ಪದ್ಧತಿಯನ್ನು ಕಂಪನಿ ಸರ್ಕಾರವೇ 1840ರ ಕಾಯ್ದೆಯಿಂದ ಹಿಂದೂ ಮುಸ್ಲಿಮರಿಗೆ ತೆಗೆದುಹಾಕಿತ್ತು. ಈಗ ನಡೆಯುವುದು 1969ರ ಪ್ರಮಾಣಗಳ ಕಾಯ್ದೆ. ದೇವರ ಹೆಸರಿನಲ್ಲಿ ಪ್ರಮಾಣ ಮಾಡಬಹುದು, ಬೇಡವೆಂದರೆ ಸತ್ಯನಿಷ್ಠೆಯಿಂದ ದೃಢೀಕರಿಸಬಹುದು. ಕೈಯಲ್ಲಿ ಯಾವ ಪುಸ್ತಕವೂ ಬೇಡ. ಸಿನಿಮಾದವರು ಕೆಂಪು ಬಟ್ಟೆ ಸುತ್ತಿದ ಗ್ರಂಥವನ್ನು ಬಿಡಲಿಲ್ಲ, ಜನರ ಮನಸ್ಸಿನಿಂದಲೂ ಅದು ಹೋಗಲಿಲ್ಲ.

ಇದಕ್ಕಿಂತ ದೊಡ್ಡ ತಪ್ಪು ಆ ಗ್ರಂಥವನ್ನು ಯಾರ ಮುಂದೆ ಹಿಡಿಯುತ್ತಾರೆ ಎಂಬುದರಲ್ಲಿದೆ. ಸಿನಿಮಾದಲ್ಲಿ ಆರೋಪಿಯಿಂದಲೇ ಪ್ರಮಾಣ ಮಾಡಿಸಿ, ಸರ್ಕಾರಿ ವಕೀಲ ಅವನನ್ನು ಬೆವರಿಳಿಸುವಂತೆ ಪ್ರಶ್ನಿಸುತ್ತಾನೆ. ನಮ್ಮ ಸಂವಿಧಾನದ 20(3)ನೇ ವಿಧಿಯ ಪ್ರಕಾರ ಆರೋಪಿಯನ್ನು ಅವನ ವಿರುದ್ಧವೇ ಸಾಕ್ಷಿ ಹೇಳುವಂತೆ ಬಲವಂತ ಮಾಡುವಂತಿಲ್ಲ. ಸರ್ಕಾರದ ಪರ ಸಾಕ್ಷ್ಯ ಮುಗಿದ ಮೇಲೆ ನ್ಯಾಯಾಧೀಶರು ಅವನಿಗೆ ಪ್ರಶ್ನೆ ಕೇಳುತ್ತಾರೆ. ಆಗ ಅವನಿಗೆ ಪ್ರಮಾಣ ಮಾಡಿಸುವುದಿಲ್ಲ, ಉತ್ತರ ಕೊಡದಿದ್ದರೆ ಶಿಕ್ಷೆಯೂ ಇಲ್ಲ. ತಾನಾಗಿ ಬರೆದುಕೊಟ್ಟು ಕೇಳಿಕೊಂಡರೆ ಮಾತ್ರ ಅವನು ಸಾಕ್ಷಿಯಾಗಿ ಕಟಕಟೆ ಏರಬಹುದು. ಬಡವನೊಬ್ಬ ಆರೋಪಿಯಾಗಿ ನಿಂತಾಗ ಸುಮ್ಮನಿರುವುದೂ ತನ್ನ ಹಕ್ಕು ಎಂದು ತಿಳಿದಿರಬೇಕಲ್ಲ? ಸಿನಿಮಾ ಅವನಿಗೆ ಅದನ್ನು ಎಂದೂ ಹೇಳಿಕೊಡಲಿಲ್ಲ.

ಇನ್ನು ‘ಆರ್ಡರ್ ಆರ್ಡರ್’ ಎಂದು ಮೇಜು ಕುಟ್ಟುವ ಕಟ್ಟಿಗೆಯ ಸುತ್ತಿಗೆ. ಭಾರತದ ಕೋರ್ಟುಗಳಲ್ಲಿ ಅದರ ಬಳಕೆ ಇಲ್ಲ. ನಮಗೆ ಕೋರ್ಟಿನ ಪದ್ಧತಿಯನ್ನೇ ಕೊಟ್ಟ ಇಂಗ್ಲೆಂಡಿನ ಕೋರ್ಟುಗಳಲ್ಲೂ ಇಲ್ಲ. ಅದು ಅಮೆರಿಕದ್ದು. ಹಾಲಿವುಡ್ಡಿನಿಂದ ಮುಂಬಯಿಗೆ, ಮುಂಬಯಿಯಿಂದ ಮದರಾಸು ಬೆಂಗಳೂರಿಗೆ ಬಾಟಲಿಯಂತೆಯೇ ಬಂದದ್ದು. ನಮ್ಮಲ್ಲಿ ಕೋರ್ಟಿನ ಸದ್ದು ಎಂದರೆ ಬಾಗಿಲಲ್ಲಿ ನಿಂತ ಶಿಪಾಯಿ ಮೂರು ಸಲ ಹೆಸರು ಹಿಡಿದು ಕೂಗುವ ಪುಕಾರು. ಅವತ್ತು ಕಾಕಾನ ಹೆಸರು ಪುಕಾರಿಗೆ ಬಂದಾಗ ಮಧ್ಯಾಹ್ನ ಮೂರು ದಾಟಿತ್ತು.

ಒಂದೇ ಕೊಲೆ, ಎರಡು ಶಿಕ್ಷೆ?

ಕೋರ್ಟಿನ ಸಿನಿಮಾಗಳ ಎಲ್ಲ ತಪ್ಪುಗಳೂ ಸುತ್ತಿಗೆಯಂಥ ಹೊರಗಿನವಲ್ಲ. ಕೆಲವು ಕಥೆಯ ಬೆನ್ನುಮೂಳೆಯಲ್ಲೇ ಇವೆ.

1982ರಲ್ಲಿ ಶಂಕರ್‌ನಾಗ್ ನಟಿಸಿದ ‘ನ್ಯಾಯ ಎಲ್ಲಿದೆ’ ಬಂತು. ಎಸ್.ಎ. ಚಂದ್ರಶೇಖರ್ ತಮ್ಮದೇ 1981ರ ತಮಿಳು ಚಿತ್ರವನ್ನು ಕನ್ನಡಕ್ಕೆ ತಂದಿದ್ದರು. ಅದೇ ಮೂಲದಿಂದ 1983ರಲ್ಲಿ ಹಿಂದಿಯ ‘ಅಂಧಾ ಕಾನೂನ್’ ಆಯಿತು. ರಜನಿಕಾಂತ್ ಹಿಂದಿಗೆ ಕಾಲಿಟ್ಟದ್ದು ಆ ಚಿತ್ರದಿಂದ. ಅದರಲ್ಲಿ ಅಮಿತಾಭ್ ಬಚ್ಚನ್ ಅವರದು ಮಾಡದ ಕೊಲೆಗೆ ಜೈಲು ಅನುಭವಿಸಿದವನ ಪಾತ್ರ. ಸತ್ತನೆಂದು ಎಲ್ಲರೂ ನಂಬಿದವನು ಬದುಕಿದ್ದಾನೆ. ಬಿಡುಗಡೆಯಾಗಿ ಬಂದವನು ಅವನನ್ನು ಕೋರ್ಟಿನಲ್ಲೇ ಕೊಂದು, ಈ ಕೊಲೆಗೆ ಶಿಕ್ಷೆ ಆಗಲೇ ಅನುಭವಿಸಿದ್ದೇನೆ ಎನ್ನುತ್ತಾನೆ. ಥಿಯೇಟರುಗಳಲ್ಲಿ ಆ ಮಾತಿಗೆ ಚಪ್ಪಾಳೆ ಬಿದ್ದವು. 1999ರಲ್ಲಿ ಹಾಲಿವುಡ್ ಕೂಡ ‘ಡಬಲ್ ಜೆಪರ್ಡಿ’ ಎಂಬ ಚಿತ್ರವನ್ನು ಇದೇ ಎಳೆಯ ಮೇಲೆ ನಿಲ್ಲಿಸಿತು.

ಸಂವಿಧಾನದ 20(2)ನೇ ವಿಧಿ ಒಂದೇ ಅಪರಾಧಕ್ಕೆ ಎರಡು ಸಲ ಶಿಕ್ಷಿಸಬಾರದು ಎನ್ನುವುದು ನಿಜ. ಆದರೆ ಅಪರಾಧ ಎಂದರೆ ಸತ್ತವನ ಹೆಸರಲ್ಲ. ಇಂಥ ದಿನ, ಇಂಥ ಜಾಗದಲ್ಲಿ ನಡೆದ ಕೃತ್ಯ. ಹಳೆಯ ಖಟ್ಲೆಯ ತಾರೀಖು ಬೇರೆ, ಇವತ್ತು ನಡೆದ ಕೊಲೆಯ ತಾರೀಖು ಬೇರೆ. ಹಳೆಯ ತಪ್ಪು ತೀರ್ಪನ್ನು ರದ್ದು ಮಾಡಿಸಲು ಅವನಿಗೆ ಹಕ್ಕಿದೆ. ಅನುಭವಿಸಿದ ಶಿಕ್ಷೆಯನ್ನು ಮುಂದಿನ ಕೊಲೆಗೆ ಮುಂಗಡವೆಂದು ಜಮಾ ಮಾಡಿಕೊಳ್ಳಲು ಬರುವುದಿಲ್ಲ.

ಕೊನೆಯ ಗಳಿಗೆಯಲ್ಲಿ ಬಾಗಿಲು ತಳ್ಳಿಕೊಂಡು ಬರುವ ಸಾಕ್ಷಿಯನ್ನೂ ಎಲ್ಲರೂ ಗೇಲಿ ಮಾಡುತ್ತಾರೆ. ಇಲ್ಲಿ ಸಿನಿಮಾ ಅರ್ಧ ಸರಿ. ಸಾಕ್ಷಿಗಳ ಪಟ್ಟಿ ದೋಷಾರೋಪ ಪಟ್ಟಿಯ ಜೊತೆಗೇ ಬಂದಿರುತ್ತದೆ, ಹಾಗಾಗಿ ಬೀದಿಯಿಂದ ಓಡಿ ಬಂದವನು ನೇರ ಕಟಕಟೆ ಹತ್ತಲಾರ. ಆದರೆ ನ್ಯಾಯಕ್ಕೆ ಅಗತ್ಯ ಎನಿಸಿದರೆ ವಿಚಾರಣೆಯ ಯಾವ ಹಂತದಲ್ಲೂ ಯಾರನ್ನಾದರೂ ಕರೆಸುವ ಅಧಿಕಾರ ನ್ಯಾಯಾಲಯಕ್ಕೆ ಇದೆ. ಹಿಂದಿನ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಅದು 311ನೇ ಕಲಮು, ಈಗಿನ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 348. ಬಾಗಿಲು ತೆರೆದೇ ಇದೆ, ಓಡಿ ಬರುವ ಬದಲು ಅರ್ಜಿ ಕೊಟ್ಟು ಬರಬೇಕು.

ತಪ್ಪೊಪ್ಪಿಗೆಯದೂ ಹಾಗೆಯೇ. ಖಳನಾಯಕ ಕೋರ್ಟಿನ ನಡುವೆ ಕಿರುಚಿ, ಹೌದು ನಾನೇ ಕೊಂದೆ ಎನ್ನುವುದು ಎಷ್ಟು ಚಿತ್ರಗಳಲ್ಲಿಲ್ಲ! ನಿಜದಲ್ಲಿ ತಪ್ಪೊಪ್ಪಿಗೆಗೆ ಬಹಳ ಬೇಲಿಗಳಿವೆ. ಪೊಲೀಸರ ಮುಂದೆ ಹೇಳಿದ ತಪ್ಪೊಪ್ಪಿಗೆ ಆರೋಪಿಯ ವಿರುದ್ಧ ನಡೆಯುವುದಿಲ್ಲ. ಮ್ಯಾಜಿಸ್ಟ್ರೇಟರ ಮುಂದೆ ಹೇಳುವುದಾದರೆ, ನೀನು ಹೇಳಲೇಬೇಕೆಂದಿಲ್ಲ, ಹೇಳಿದರೆ ನಿನ್ನ ವಿರುದ್ಧವೇ ಬಳಕೆಯಾಗಬಹುದು ಎಂದು ಅವರು ಮೊದಲು ಎಚ್ಚರಿಸಬೇಕು. ಹೆದರಿಸಿ ಬಾಯಿ ಬಿಡಿಸುವ ಕಾಲವೊಂದಿತ್ತು ಎಂಬ ನೆನಪೇ ಈ ಬೇಲಿಗಳನ್ನು ಹಾಕಿಸಿದ್ದು.

ಇಲ್ಲದ ಜ್ಯೂರಿ

ಕೋರ್ಟಿನ ಸಿನಿಮಾ ಎಂದಾಗ ಜಗತ್ತೇ ಹೆಸರಿಸುವ ಚಿತ್ರ 1957ರ ‘12 ಆಂಗ್ರಿ ಮೆನ್’. ಸಿಡ್ನಿ ಲುಮೆಟ್ ಅವರ ಮೊದಲ ಚಿತ್ರ. ರೆಜಿನಾಲ್ಡ್ ರೋಸ್ 1954ರಲ್ಲಿ ಟೆಲಿವಿಷನ್ನಿಗಾಗಿ ಬರೆದ ನಾಟಕವೇ ಅದರ ಮೂಲ. ಒಂದೂವರೆ ಗಂಟೆಯ ಚಿತ್ರದಲ್ಲಿ ಮೂರು ನಿಮಿಷದಷ್ಟು ಬಿಟ್ಟರೆ ಉಳಿದದ್ದೆಲ್ಲ ಒಂದೇ ಕೋಣೆ, ಕೊಲೆ ಆರೋಪ ಹೊತ್ತ ಹುಡುಗನ ಹಣೆಬರಹವನ್ನು ಹನ್ನೆರಡು ಜನ ಸಾಮಾನ್ಯರ ಮಂಡಳಿ, ಅಂದರೆ ಜ್ಯೂರಿ, ನಿರ್ಧರಿಸುವ ಕೋಣೆ. ಲುಮೆಟ್ ಮೊದಲ ಭಾಗವನ್ನು ಕಣ್ಣಿನ ಮಟ್ಟಕ್ಕಿಂತ ಮೇಲಿನಿಂದ, ನಡುವಿನದನ್ನು ಕಣ್ಣಿನ ಮಟ್ಟದಿಂದ, ಕೊನೆಯದನ್ನು ಕೆಳಗಿನಿಂದ ತೆಗೆದರು. ಮಸೂರಗಳನ್ನೂ ಬದಲಿಸುತ್ತ ಹೋದರು. ಗೋಡೆಗಳು ಹತ್ತಿರ ಬಂದಂತೆ, ಉಸಿರು ಕಟ್ಟಿದಂತೆ ಅನಿಸುವುದು ಅದಕ್ಕೇ.

ಅದರಲ್ಲೊಂದು ದೊಡ್ಡ ತಪ್ಪಿದೆ. ಎಂಟನೆಯ ಸದಸ್ಯನಾದ ಹೆನ್ರಿ ಫೋಂಡಾ, ಕೊಲೆಗೆ ಬಳಸಿದಂಥದೇ ಚಾಕುವನ್ನು ಹೊರಗಿನ ಅಂಗಡಿಯಿಂದ ತಂದು ಮೇಜಿಗೆ ಚುಚ್ಚುತ್ತಾನೆ. ಮೈ ಜುಮ್ಮೆನ್ನುವ ಗಳಿಗೆ. ಆದರೆ ಜ್ಯೂರಿಯವರು ತಾವೇ ತನಿಖೆಗೆ ಇಳಿಯುವಂತಿಲ್ಲ, ಕೋರ್ಟಿನಲ್ಲಿ ಬಂದ ಸಾಕ್ಷ್ಯದ ಮೇಲಷ್ಟೇ ತೀರ್ಮಾನಿಸಬೇಕು. ಆ ಚಾಕುವಿನ ಸುದ್ದಿ ಹೊರಬಿದ್ದರೆ ಇಡೀ ವಿಚಾರಣೆಯನ್ನೇ ಹೊಸದಾಗಿ ನಡೆಸಬೇಕಾದೀತು. ಹುಡುಗನ ಜೀವ ಉಳಿಸಿದ ಆ ಚಾಕು ನಿಯಮದ ಲೆಕ್ಕದಲ್ಲಿ ಖಟ್ಲೆಯನ್ನೇ ಕೆಡಿಸುವ ಚಾಕು.

ಈ ಕಥೆ 1986ರಲ್ಲಿ ಬಾಸು ಚಟರ್ಜಿ ಅವರ ‘ಏಕ್ ರುಕಾ ಹುವಾ ಫೈಸ್ಲಾ’ ಆಗಿ ಹಿಂದಿಗೆ, 2012ರಲ್ಲಿ ‘ದಶಮುಖ’ವಾಗಿ ಕನ್ನಡಕ್ಕೆ ಬಂತು. ಕನ್ನಡದಲ್ಲಿ ಅನಂತನಾಗ್, ರವಿಚಂದ್ರನ್, ದೇವರಾಜ್ ಒಂದೇ ಮೇಜಿಗೆ ಕೂತರು. ನಟನೆ ನೋಡುವ ಹಾಗಿತ್ತು. ಆದರೆ ನಮ್ಮ ದೇಶದಲ್ಲಿ ಕೊಲೆ ಖಟ್ಲೆಗೆ ಜ್ಯೂರಿ ಕೂರುವ ಪದ್ಧತಿ ಆಗ ಉಳಿದಿರಲಿಲ್ಲ. 1973ರ ದಂಡ ಪ್ರಕ್ರಿಯಾ ಸಂಹಿತೆಯೊಂದಿಗೆ ಅದು ಮುಗಿದಿತ್ತು.

ಜ್ಯೂರಿ ಎಂದಾಗ ನೆನಪಾಗುವುದು ಮುಂಬಯಿಯ ನಾನಾವತಿ ಪ್ರಕರಣ. ನೌಕಾಪಡೆಯ ಅಧಿಕಾರಿಯೊಬ್ಬ ಹೆಂಡತಿಯ ಗೆಳೆಯನನ್ನು ಗುಂಡಿಟ್ಟು ಕೊಂದದ್ದು 1959ರ ಏಪ್ರಿಲ್ 27ರಂದು.  ಜ್ಯೂರಿ ಎಂಟು-ಒಂದರ ಬಹುಮತದಿಂದ ನಿರಪರಾಧಿ ಎಂದಿತು. ನ್ಯಾಯಾಧೀಶರು ಒಪ್ಪದೆ ಹೈಕೋರ್ಟಿಗೆ ಕಳಿಸಿದರು. ಹೈಕೋರ್ಟು ಜೀವಾವಧಿ ಶಿಕ್ಷೆ ವಿಧಿಸಿತು, 1961ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಇದರ ನೆರಳಿನಲ್ಲಿ 1963ರ ‘ಯೇ ರಾಸ್ತೇ ಹೈಂ ಪ್ಯಾರ್ ಕೇ’ಯಿಂದ 2016ರ ‘ರುಸ್ತುಂ’ವರೆಗೆ ಚಿತ್ರಗಳು ಬಂದವು. 1959ರ ಕಥೆ ಹೇಳುವ ‘ರುಸ್ತುಂ’ನ ನಾಯಕನ ಎದೆಯ ಮೇಲೆ ಆಮೇಲಿನ ದಶಕಗಳ ಪದಕಗಳು ಹೊಳೆಯುವುದನ್ನು ಸೇನೆಯಲ್ಲಿ ಇದ್ದವರು ಕೂಡಲೇ ಹಿಡಿದರು.

ತೆರೆಯ ಕೋರ್ಟಿನ ಕೆಲವು ಸ್ವಾರಸ್ಯ

• ಕೊಲೆ ಎಂದರೆ 302 ಎಂದು ಮಕ್ಕಳಿಗೂ ಗೊತ್ತು. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಕೊಲೆಯ ಶಿಕ್ಷೆ 103ನೇ ಕಲಮಿನಲ್ಲಿದೆ. ಈಗ 302 ಎಂದರೆ ಧಾರ್ಮಿಕ ಭಾವನೆ ನೋಯಿಸಲೆಂದೇ ಆಡಿದ ಮಾತಿನ ಅಪರಾಧ.

• ಮೋಸಗಾರನಿಗೆ ‘ಚಾರ್ ಸೌ ಬೀಸ್’ ಎಂಬ ಹೆಸರು ಉಳಿದಿದೆ, ಕಲಮು ಉಳಿದಿಲ್ಲ. ಹಳೆಯ ದಂಡ ಸಂಹಿತೆಯ ಕೊನೆಯ ಕಲಮು 511. ಹೊಸದರಲ್ಲಿ ಇರುವುದೇ 358. ವಂಚನೆಗೆ ಈಗ 318.

• ಸಿನಿಮಾ ವಕೀಲ ಗೌನು ಇಲ್ಲದೆ ಕೋರ್ಟು ಹೊಗುವುದಿಲ್ಲ. ಹೈಕೋರ್ಟು, ಸುಪ್ರೀಂ ಕೋರ್ಟು ಬಿಟ್ಟರೆ ಉಳಿದ ಕಡೆ ಗೌನು ಅವರವರ ಇಷ್ಟ. ಬೇಸಿಗೆಯಲ್ಲಿ ಕೆಳಹಂತದ ಕೋರ್ಟುಗಳಲ್ಲಿ ಕರಿ ಕೋಟೂ ಕಡ್ಡಾಯವಲ್ಲ.

• ‘ಮೈ ಲಾರ್ಡ್’ ಬೇಕಿಲ್ಲ ಎಂದು ಭಾರತೀಯ ವಕೀಲರ ಪರಿಷತ್ತು 2006ರಲ್ಲೇ ಹೇಳಿದೆ. ತಾಲ್ಲೂಕು, ಜಿಲ್ಲಾ ಕೋರ್ಟುಗಳಲ್ಲಿ ‘ಸರ್’ ಎಂದರೆ ಸಾಕು.

• ಅಪರಾಧಿ ಎಂದ ಉಸಿರಿನಲ್ಲೇ ಗಲ್ಲು ಎನ್ನುವಂತಿಲ್ಲ. ಶಿಕ್ಷೆಯ ಪ್ರಮಾಣದ ಮೇಲೆ ಅಪರಾಧಿಯ ಮಾತನ್ನು ಬೇರೆಯಾಗಿ ಕೇಳಬೇಕು. ಗಲ್ಲು ವಿಧಿಸಿದರೂ ಹೈಕೋರ್ಟು ದೃಢಪಡಿಸುವತನಕ ಅದು ಜಾರಿಯಾಗದು. ಪೆನ್ನಿನ ಮೊನೆ ಮುರಿಯುವುದು ರೂಢಿ, ಕಾನೂನಲ್ಲ.

• ಪೊಲೀಸ್ ಠಾಣೆಯಲ್ಲಿ ಸಾಕ್ಷಿ ತನ್ನ ಹೇಳಿಕೆಗೆ ಸಹಿ ಮಾಡುವ ದೃಶ್ಯ ಬಹಳ ಚಿತ್ರಗಳಲ್ಲಿದೆ. ತನಿಖೆಯಲ್ಲಿ ಪೊಲೀಸರು ಬರೆದುಕೊಂಡ ಸಾಕ್ಷಿಯ ಹೇಳಿಕೆಗೆ ಸಹಿ ಪಡೆಯಬಾರದು ಎನ್ನುತ್ತದೆ ಕಾನೂನು.

• ‘12 ಆಂಗ್ರಿ ಮೆನ್’ನಲ್ಲಿ ಮೊದಲು ತಿರುಗದ ಫ್ಯಾನು ಆಮೇಲೆ ತಿರುಗುತ್ತದೆ. ತಪ್ಪೆಂದು ಕೆಲವರು ಬೆರಳು ತೋರಿಸುತ್ತಾರೆ. ದೀಪ ಹಾಕಿದಾಗಲೇ ಅದು ತಿರುಗತೊಡಗುವುದನ್ನು ಗಮನಿಸಿ ನೋಡಿ.

ಕಾಗದವೇ ನಾಯಕ

ಇಷ್ಟೆಲ್ಲ ತಪ್ಪುಗಳ ಬೇರು ಒಂದೇ ಕಡೆ ಇದೆ. ಸಿನಿಮಾ ಕೋರ್ಟನ್ನು ಮಾತಿನ ಮನೆ ಮಾಡಿಕೊಂಡಿತು. ನಿಜದಲ್ಲಿ ಅದು ಬರಹದ ಮನೆ.

ಇದನ್ನು ಅರಿಯಲು ಸಿರಸಂಗಿಯವರು ದೂರ ಹೋಗಬೇಕಿಲ್ಲ. ನಮ್ಮೂರ ವಾಡೆಯ ಮುಂದೆ ನಿಂತರೆ ಸಾಕು. ದೇಸಗತಿಯ ಒಡೆಯ ಲಿಂಗರಾಜ ದೇಸಾಯಿಯವರು 1904ರಲ್ಲಿ ಧಾರವಾಡದಲ್ಲಿ ನಡೆದ ವೀರಶೈವ ಮಹಾಸಭೆಯ ಮೊದಲ ಅಧಿವೇಶನದ ಅಧ್ಯಕ್ಷರು. 1906ರಲ್ಲಿ ತೀರಿಕೊಳ್ಳುವ ಮೊದಲು ತಮ್ಮ ಆಸ್ತಿಯನ್ನು ಮಕ್ಕಳ ವಿದ್ಯೆಗೆಂದು ಮೃತ್ಯುಪತ್ರ ಬರೆದಿಟ್ಟರು. ಬರೆದವರು ಹೋಗಿ ನೂರು ವರ್ಷ ದಾಟಿತು. ಆ ಆಸ್ತಿಯ ಬಲದಿಂದ ಓದಿದವರು ಉತ್ತರ ಕರ್ನಾಟಕದ ಊರೂರಲ್ಲಿ ಇದ್ದಾರೆ, ಬೆಳಗಾವಿಯ ಲಿಂಗರಾಜ ಕಾಲೇಜು ಅವರ ಹೆಸರು ಹೊತ್ತು ನಿಂತಿದೆ. ಸಿನಿಮಾದಲ್ಲಿ ಮೃತ್ಯುಪತ್ರ ಎಂದರೆ ಕರಿ ಕೋಟಿನ ವಕೀಲರು ಹಜಾರದಲ್ಲಿ ಓದಿ ಹೇಳುವ, ಕೇಳಿದವರು ಎದೆ ಹಿಡಿದುಕೊಳ್ಳುವ ಕಾಗದ. ಹಾಗೆ ಓದಿಸಬೇಕೆಂಬ ನಿಯಮವೇ ಇಲ್ಲ. ಕಾನೂನು ಕೇಳುವುದು ಬರೆದವರ ಸಹಿ ಮತ್ತು ಸಾಕ್ಷಿ ಹಾಕಿದ ಇಬ್ಬರು. ಕಾಗದಕ್ಕೆ ದನಿ ಇಲ್ಲ. ಆದರೂ ಒಂದು ಊರಿನ ಮೃತ್ಯುಪತ್ರ ಎಷ್ಟು ತಲೆಮಾರುಗಳಿಗೆ ಅನ್ನ, ಅಕ್ಷರ ಕೊಟ್ಟಿತು!

ಸಿನಿಮಾದಲ್ಲೂ ಇದನ್ನು ಕಂಡವರಿದ್ದಾರೆ. ಚೈತನ್ಯ ತಮ್ಹಾಣೆ ಅವರ ಮರಾಠಿ ಚಿತ್ರ ‘ಕೋರ್ಟ್’ 2014ರಲ್ಲಿ ವೆನಿಸ್ಸಿನಲ್ಲಿ ಪ್ರಶಸ್ತಿ ಪಡೆಯಿತು, ಆ ವರ್ಷದ ಅತ್ಯುತ್ತಮ ಚಿತ್ರವೆಂದು ರಾಷ್ಟ್ರ ಪ್ರಶಸ್ತಿಯನ್ನೂ ಗಳಿಸಿತು. ಅದರಲ್ಲಿ ವಕೀಲರು ಕಾಗದ ನೋಡಿ ಓದುತ್ತಾರೆ, ನ್ಯಾಯಾಧೀಶರು ಟೈಪಿಸ್ಟಿಗೆ ಹೇಳಿ ಬರೆಸುತ್ತಾರೆ, ಬೆಂಚಿನ ಮೇಲಿನ ಜನ ತಮ್ಮ ಸರದಿಗೆ ಕಾಯುತ್ತಾರೆ. ನೋಡುತ್ತಿದ್ದಾಗ ನನಗೆ ಕಾಕಾನ ಪಕ್ಕದಲ್ಲೇ ಕೂತಂತಾಯಿತು.

ಒಂದು ಪದ

ಕಾಕಾ ಕಟಕಟೆ ಹತ್ತಿದರು. ಸತ್ಯ ಹೇಳುತ್ತೇನೆ ಎಂದು ಪ್ರಮಾಣ ಮಾಡಿದರು. ಸರ್ಕಾರಿ ವಕೀಲರಾದ ಎ.ಪಿ.ಪಿ. ಸಾಹೇಬರು ಅವತ್ತು ಏನು ಕಂಡಿರಿ ಎಂದರು. ಕಾಕಾ ಕೈ ಎತ್ತಿ, ‘ಸತ್ಯ ಅನ್ನೋದು ಸೂರ್ಯಾ ಇದ್ದಂಗ ಸಾಹೇಬ್ರ...’ ಎಂದು ಆರಂಭಿಸಿದರು. ನ್ಯಾಯಾಧೀಶರು ಕನ್ನಡಕದ ಮೇಲಿಂದ ನೋಡಿ, ‘ಯಜಮಾನ್ರ, ಕೇಳಿದ್ದಕ್ಕಷ್ಟ ಹೇಳ್ರಿ’ ಎಂದರು. ದಿನಗಟ್ಟಲೆ ಕಟ್ಟಿದ್ದ ಡೈಲಾಗು ಅಲ್ಲಿಗೆ ನಿಂತಿತು.

ಆಮೇಲೆ ಕಂಡದ್ದನ್ನು ಅಲ್ಲಿಯತನಕ ಯಾವ ಚಿತ್ರದಲ್ಲೂ ನಾನು ಕಂಡಿರಲಿಲ್ಲ. ಕಾಕಾ ಒಂದು ಮಾತು ಹೇಳುತ್ತಾರೆ. ನ್ಯಾಯಾಧೀಶರು ಅದನ್ನು ಗ್ರಾಂಥಿಕ ಕನ್ನಡಕ್ಕೆ ತಿರುಗಿಸಿ ಹೇಳುತ್ತಾರೆ. ಟೈಪು ಮಾಡುವವರ ಬೆರಳು ಓಡುತ್ತದೆ. ಆ ಸದ್ದು ನಿಲ್ಲುವತನಕ ಕಾಕಾ ಸುಮ್ಮನೆ ನಿಲ್ಲಬೇಕು. ಸದ್ದು ನಿಂತ ಮೇಲೆ ಮುಂದಿನ ಪ್ರಶ್ನೆ. ಪಾಟಿ ಸವಾಲಿನಲ್ಲಿ ಎದುರಿನ ವಕೀಲರು ಒಮ್ಮೆಯೂ ದನಿ ಏರಿಸಲಿಲ್ಲ, ತಮ್ಮ ಜಾಗ ಬಿಟ್ಟು ಕದಲಲಿಲ್ಲ. ಗಿಡ ಎಷ್ಟು ದೂರ, ಹೊತ್ತು ಎಷ್ಟಾಗಿತ್ತು, ನಿಮ್ಮ ಕಣ್ಣಿಗೆ ಪೊರೆ ಬಂದಿದೆಯೇ ಎಂದಷ್ಟೇ ಕೇಳಿದರು. ಅರ್ಧ ಗಂಟೆಯಲ್ಲಿ ಎಲ್ಲ ಮುಗಿಯಿತು.

ಹಾಳೆ ಮುಂದೆ ಬಂತು. ಸಾಕ್ಷಿ ಹೇಳಿದ್ದನ್ನು ಅವನಿಗೇ ಓದಿ ಹೇಳಬೇಕು ಎನ್ನುವುದು ಕಾನೂನು. ಓದಿದರು. ಕಾಕಾ ಪೆನ್ನು ಹಿಡಿದಿದ್ದರು. ಸಹಿ ಮಾಡುವ ಜಾಗಕ್ಕೆ ಪೆನ್ನು ಮುಟ್ಟಿತ್ತು. ಅಲ್ಲಿ ತಡೆದು, ಪೆನ್ನನ್ನು ಮೆಲ್ಲಗೆ ಕಟಕಟೆಯ ಹಲಗೆಯ ಮೇಲೆ ಇಟ್ಟರು.

‘ಸಾಹೇಬ್ರ, ಒಂದ್ ಮಾತು ತಪ್ಪೈತ್ರಿ. ಬಡಿಗಿ ಹಿಡದು ನಿಂತಿದ್ದಾ ಅಂದೇನ್ರಿ ನಾ. ಇದರಾಗ ಬಡಿಗಿಲೆ ಹೊಡದಾ ಅಂತ ಬಂದೈತ್ರಿ. ಹೊಡದದ್ದು ನಾ ಕಂಡಿಲ್ರಿ. ನಾ ತಿರಗಿ ನೋಡೂದ್ರಾಗ ಅಂವ ಬಿದ್ದಿದ್ದ.’

ಕೋಣೆಯಲ್ಲಿ ಯಾರೂ ಚಪ್ಪಾಳೆ ತಟ್ಟಲಿಲ್ಲ, ಹಿನ್ನೆಲೆ ಸಂಗೀತ ಬರಲಿಲ್ಲ. ನ್ಯಾಯಾಧೀಶರು ಹಾಳೆ ಹಿಂದಕ್ಕೆ ತರಿಸಿಕೊಂಡು ನೋಡಿ, ಆ ಸಾಲು ತಿದ್ದಿಸಿ, ಪಕ್ಕದಲ್ಲಿ ಚಿಕ್ಕ ಸಹಿ ಹಾಕಿದರು. ಆಮೇಲೆ ಕಾಕಾ ಸಹಿ ಮಾಡಿದರು. ಆರೋಪಿಯ ಹೆಂಡತಿ ಹಿಂದಿನ ಬೆಂಚಿನಲ್ಲಿ ಕೂಸು ಎತ್ತಿಕೊಂಡು ಕೂತಿದ್ದಳು. ಅವಳಿಗೆ ಏನಾಯಿತೆಂದು ತಿಳಿದಂತೆ ಕಾಣಲಿಲ್ಲ. ಆದರೆ ಹಿಡಿದಿದ್ದಕ್ಕೂ ಹೊಡೆದಿದ್ದಕ್ಕೂ ನಡುವೆ ಅವಳ ಗಂಡನ ಎಷ್ಟೋ ವರ್ಷಗಳಿದ್ದವು.

ತಲೆ ಒಡೆಸಿಕೊಂಡವನು ನಮಗೆ ಬೇಕಾದವನೇ. ಹೊರಗೆ ಬಂದ ಮೇಲೆ ಅವನ ಕಡೆಯವರು ಕಾಕಾನ ಮೇಲೆ ಸಿಟ್ಟಾದರು. ಕಾಕಾ ಅವರಿಗೆ ಹೇಳಿದ್ದು ಇಷ್ಟೇ: ‘ಕಂಡದ್ದು ಹೇಳಾಕ ಕರದಿದ್ರು. ಕಂಡಷ್ಟು ಹೇಳಿ ಬಂದೇನಿ.’

ತಪ್ಪಿನೊಳಗಿನ ನಿಜ

ಕೋರ್ಟಿನ ಸಿನಿಮಾಗಳ ಮೇಲೆ ನನಗೆ ದೂರಿಲ್ಲ. ಅವು ಒಂದು ವಿಷಯದಲ್ಲಿ ಎಂದೂ ತಪ್ಪಿಲ್ಲ. ದಿಕ್ಕಿಲ್ಲದವರ ಪರವಾಗಿ ಯಾರಾದರೂ ಎದ್ದು ನಿಲ್ಲಬೇಕು ಎಂಬ ಆಸೆಯನ್ನು ಅವು ನಮ್ಮ ಓಣಿಗಳಲ್ಲಿ ಬಿತ್ತಿದವು. ಆ ಆಸೆ ಈಗ ಕಾನೂನಿನಲ್ಲೂ ಇದೆ. 1987ರಲ್ಲಿ ಆದ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ 1995ರ ನವೆಂಬರ್ 9ರಿಂದ ಜಾರಿಯಲ್ಲಿದೆ. ಅದರಡಿ ತಾಲ್ಲೂಕು ಮಟ್ಟದಲ್ಲೂ ಸಮಿತಿಗಳಿವೆ. ಹೆಣ್ಣುಮಕ್ಕಳು, ಪರಿಶಿಷ್ಟ ಜಾತಿ ಪಂಗಡದವರು, ಅಂಗವಿಕಲರು, ಬಂಧನದಲ್ಲಿ ಇರುವವರು ತಮ್ಮ ಆದಾಯ ಎಷ್ಟೇ ಇರಲಿ ಅಲ್ಲಿ ಉಚಿತವಾಗಿ ವಕೀಲರನ್ನು ಕೇಳಬಹುದು. ‘ಯುದ್ಧಕಾಂಡ’ದಲ್ಲಿ ಡಾಕ್ಟರನ ಹೆಂಡತಿ ವಕೀಲನ ಮುಂದೆ ಸೆರಗೊಡ್ಡಿ ಬೇಡುತ್ತಾಳಲ್ಲ, ಅಂಥ ಹೆಣ್ಣುಮಗಳು ಇವತ್ತು ಬೇಡಬೇಕಿಲ್ಲ. ಒಂದು ಅರ್ಜಿ ಬರೆದು ಕೊಡಬಹುದು.

ಹೈಕೋರ್ಟಿನ ಕಲಾಪವನ್ನು ಇವತ್ತು ಮೊಬೈಲಿನಲ್ಲೇ ನೋಡಬಹುದು. 2008ರಿಂದ ಧಾರವಾಡದಲ್ಲೇ ಪೀಠವಿರುವುದರಿಂದ ನಮ್ಮ ಕಡೆಯವರು ಬೆಂಗಳೂರಿಗೆ ಓಡುವುದೂ ತಪ್ಪಿದೆ. ನಿಜವಾದ ಕೋರ್ಟನ್ನು ಕಾಣಲು ಸಿನಿಮಾವೊಂದೇ ಕಿಟಕಿಯಾಗಿದ್ದ ಕಾಲ ಹೋಯಿತು. ಓಣಿಯ ಹುಡುಗರಿಗೆ ನಾನು ಹೇಳುವುದು ಇಷ್ಟು: ‘ಯುದ್ಧಕಾಂಡ’ ನೋಡಿ, ಚಪ್ಪಾಳೆ ತಟ್ಟಿ. ಆದರೆ ನೀವು ಕಟಕಟೆ ಹತ್ತುವ ದಿನ ಬಂದರೆ ಡೈಲಾಗು ಮನೆಯಲ್ಲಿ ಬಿಟ್ಟು ಹೋಗಿ. ಸಾವಕಾಶ ಮಾತಾಡಿ. ಸಹಿ ಮಾಡುವ ಮೊದಲು ಓದಿಸಿ ಕೇಳಿ.

ಕಾಕಾ ಈಗಿಲ್ಲ. ಹೋದ ಯುಗಾದಿಗೆ ಮನೆಯಲ್ಲಿ ಟಿ.ವಿ.ಯಲ್ಲಿ ಅದೇ ಚಿತ್ರ ಬಂತು. ಬಾಟಲಿಯ ದೃಶ್ಯ ಬಂದಾಗ ನನ್ನ ಮಗ ಎದ್ದು ನಿಂತ. ಅವನನ್ನು ಕೂರಿಸಲಿಲ್ಲ ನಾನು. ಸಿನಿಮಾ ಮುಗಿದ ಮೇಲೆ, ಅವನ ಅಜ್ಜ ಪೆನ್ನು ಕೆಳಗಿಟ್ಟ ಕಥೆ ಹೇಳಿದೆ.